ಹಾಳಾಗಿರುವುದು ಎಲ್ಲರಿಗೂ ಗೊತ್ತು, ಆದರೂ ಯಾಕೆ ಸರಿ ಮಾಡಿಸುವುದಿಲ್ಲ?

ಪ್ರಶ್ನೆ: ಸರ್, ನಾನು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದೇನೆ. ರಕ್ತ ಪರೀಕ್ಷೆ ಮೆಷಿನ್‌ಗೆ ಜೋಡಿಸಿರುವ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7 ಇದೆ. ದಿನಕ್ಕೆ ಎರಡು ಸಲವಾದರೂ ಹ್ಯಾಂಗ್ ಆಗುತ್ತದೆ. ಅದರ ಮೇಲೆ "ಯಾರೂ ಆಫ್ ಮಾಡಬಾರದು" ಅಂತ ಚೀಟಿ ಅಂಟಿಸಿದ್ದೇವೆ. ಆಫ್ ಆದರೆ ಮತ್ತೆ ಆನ್ ಆಗುತ್ತೋ ಇಲ್ವೋ ಅನ್ನೋ ಭಯ. ಮೂರು ವರ್ಷದಿಂದ ಹೇಳುತ್ತಿದ್ದೇವೆ, "ನೋಡೋಣ" ಅನ್ನುತ್ತಾರೆ. ಇದು ಬರೀ ಉದಾಸೀನ ಅಲ್ವಾ?

ಉತ್ತರ: ಮೇಡಂ, 18 ವರ್ಷದಿಂದ ಸಿಸ್ಟಮ್ ಅಡ್ಮಿನ್ ಆಗಿದ್ದೇನೆ. ಅಂಥ ಚೀಟಿಗಳನ್ನು ಬಹಳ ಕಡೆ ನೋಡಿದ್ದೇನೆ. ಉದಾಸೀನಕ್ಕಿಂತ ಹೆದರಿಕೆಯೇ ಜಾಸ್ತಿ. ಸರಿ ಮಾಡಲು ಹೋಗಿ ಮೆಷಿನ್ ನಿಂತರೆ ಕೈ ಹಾಕಿದವನ ತಲೆಗೆ ಬರುತ್ತದೆ. ತಾನಾಗಿ ನಿಂತರೆ "ಹಳೇದು, ಏನ್ ಮಾಡೋದು" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಹೀಗಿದ್ದರೆ ಯಾರು ಮುಟ್ಟುತ್ತಾರೆ ಹೇಳಿ?

ದುಡ್ಡಿನ ಮಾತೂ ಇದೆ. ಮೆಷಿನ್ ಸಾಫ್ಟ್‌ವೇರ್ ಹಳೇ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದಾದರೆ, ಕಂಪನಿಯವರು ಮೆಷಿನ್ನೇ ಬದಲಿಸಿ ಅನ್ನುತ್ತಾರೆ.

ಆದರೆ ದುಡ್ಡು ಬೇಡದ ಕೆಲಸವೂ ಹಾಗೇ ಬಿದ್ದಿರುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನೋಡಿ. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್, ಅಂದರೆ ಆ ದೋಷ ಮುಚ್ಚುವ ಅಪ್‌ಡೇಟ್, ಕೊಟ್ಟಿತ್ತು. ಆಸ್ಪತ್ರೆಗಳಿಗೆ ಎಚ್ಚರಿಕೆಯೂ ಹೋಗಿತ್ತು. ಮೇ 12ರಂದು ವಾನಾಕ್ರೈ ಅನ್ನೋ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದೇ ದೋಷದಿಂದ ಒಳಗೆ ನುಗ್ಗಿತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಪ್ಯಾಚ್ ಹಾಕದ ವಿಂಡೋಸ್ 7 ಕಂಪ್ಯೂಟರ್‌ಗಳೇ. ಆಗ ವಿಂಡೋಸ್ 7ಗೆ ಇನ್ನೂ ಸಪೋರ್ಟ್ ಇತ್ತು, ಅಂದರೆ ಮೈಕ್ರೋಸಾಫ್ಟ್ ಪ್ಯಾಚ್ ಕೊಡುತ್ತಿತ್ತು. ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಅಂತ ಅಂದಾಜು. ಅದು ರೋಗಿಗಳ ಪಾಡು, ಅದಕ್ಕೇ ನನಗೆ ಸಂಕಟ. ನಿಮ್ಮ ವಿಂಡೋಸ್ 7ಗಂತೂ 2020ರ ಜನವರಿ 14ಕ್ಕೇ ಸಪೋರ್ಟ್ ಮುಗಿದಿದೆ.

ಪ್ರಶ್ನೆ: ನನ್ನಂಥವಳು ಏನು ಮಾಡಬಹುದು ಸರ್?

ಉತ್ತರ: ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಬೇಕಾ ಅಂತ ಮೊದಲು ಕೇಳಿ. ರಿಪೋರ್ಟ್ ಕಳಿಸುವ ದಾರಿ ಒಂದನ್ನು ಬಿಟ್ಟು ಉಳಿದದ್ದನ್ನು ಐಟಿಯವರಿಂದ ತೆಗೆಸಿ. ಪೆನ್‌ಡ್ರೈವ್ ಹಾಕಲು ಬಿಡಬೇಡಿ. ಹಾರ್ಡ್ ಡಿಸ್ಕ್‌ನ ಪೂರ್ತಿ ಕಾಪಿ ಮಾಡಿಸಿ, ಅದರಿಂದ ಮೆಷಿನ್ ಓಡುತ್ತಾ ಅಂತ ಒಮ್ಮೆ ನೋಡಲೇಬೇಕು. ಆಗ ಚೀಟಿಯ ಭಯ ಅರ್ಧ ಹೋಗುತ್ತದೆ.

ಪಕ್ಕದಲ್ಲೊಂದು ನೋಟ್‌ಬುಕ್ ಇಡಿ. ಹ್ಯಾಂಗ್ ಆದಾಗೆಲ್ಲ ಬರೆಯಿರಿ: ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಎಷ್ಟು ಸ್ಯಾಂಪಲ್ ಕಾದವು. "ಸಿಸ್ಟಮ್ ಸ್ಲೋ" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. "ಮಂಗಳವಾರ 40 ನಿಮಿಷ, 22 ಸ್ಯಾಂಪಲ್" ಅಂದರೆ ಕೇಳುತ್ತಾರೆ. ಕಾಪಿ ಮಾಡಲು ಮೆಷಿನ್ ಯಾವಾಗ ನಿಲ್ಲಿಸಬಹುದು ಅಂತ ನೀವೇ ಹೇಳಿ. ಆ ಹೊತ್ತು ಐಟಿಯವರಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ತಪ್ಪಾದರೆ ಐಟಿ ಹುಡುಗನ ಮೇಲೆ ಹಾಕುವುದಿಲ್ಲ ಅಂತ ಮ್ಯಾನೇಜರ್ ಸಹಿಯೂ ಇರಲಿ.

ಪ್ರಶ್ನೆ ಕೇಳಿದವರು: ಭಾನುವಾರ ಎರಡು ಗಂಟೆ ಮೇಲೆ ಎಮರ್ಜೆನ್ಸಿ ಸ್ಯಾಂಪಲ್ ಮಾತ್ರ ಬರುತ್ತವೆ, ಅವನ್ನು ಹೊರಗಿನ ಲ್ಯಾಬ್‌ಗೆ ಕಳಿಸಬಹುದು. ನಾಳೆಯೇ ಬರೆದು ಕೊಡುತ್ತೇನೆ ಸರ್.