ಅಪ್‌ಡೇಟ್: ಮೆಂತ್ಯ ಸಾರದ ಕ್ಯಾಪ್ಸೂಲ್, ಲೋಳೆ ಮತ್ತು ಗಂಟಿನ ತೊಂದರೆ

ರಾಯಚೂರಿನ ನಮ್ಮ ಸಣ್ಣ ಘಟಕದಲ್ಲಿ ಮೆಂತ್ಯವನ್ನು ನೀರಿನಲ್ಲಿ ಕುದಿಸಿದರೆ ಕಷಾಯವೆಲ್ಲ ಲೋಳೆಯಾಗಿ ಸೋಸಲು ಬಾರದೆಂದೂ, ಒಣಗಿಸಿದ ಪುಡಿ ಕ್ಯಾಪ್ಸೂಲಿನೊಳಗೆ ಗಂಟುಗಟ್ಟುತ್ತದೆಂದೂ ಹೇಳಿ ಸಲಹೆ ಕೇಳಿದ್ದೆ. ಉತ್ತರಿಸಿದ ಹಿರಿಯರೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನೀರಿನ ಬದಲು 70 ಪ್ರತಿಶತ ಎಥನಾಲ್ ಬಳಸಿದ್ದರಿಂದ ಮೊದಲ ತೊಂದರೆ ನೀಗಿತು. ಲೋಳೆಗೆ ಕಾರಣವಾದ ಗ್ಯಾಲಕ್ಟೋಮನ್ನಾನ್ ಆ ಪ್ರಮಾಣದ ಎಥನಾಲ್‌ನಲ್ಲಿ ಕರಗದೆ ಚರಟದಲ್ಲೇ ಉಳಿಯುತ್ತದೆ. ಸಾರದಲ್ಲಿ ನಮಗೆ ಬೇಕಾದ ಅಂಶಗಳಾದ ಸಪೋನಿನ್‌ಗಳು ದ್ರಾವಣಕ್ಕೆ ಇಳಿಯುತ್ತವೆ. ಕಾಳನ್ನು ನುಣ್ಣಗೆ ಬೀಸದೆ ತರಿಯಾಗಿ ಒಡೆದದ್ದರಿಂದ ಸೋಸುವುದೂ ಸುಲಭವಾಯಿತು.

ನಾನು ನಿಜವಾಗಿ ಎಡವಿದ್ದು ಪ್ರಮಾಣೀಕರಣದಲ್ಲಿ, ಅಂದರೆ ಪ್ರತಿ ಬ್ಯಾಚಿನಲ್ಲೂ ಸಪೋನಿನ್ ಒಂದೇ ಪ್ರಮಾಣದಲ್ಲಿರುವಂತೆ ಮಾಡುವುದರಲ್ಲಿ. ಬ್ಯುಟನಾಲ್ ಎಂಬ ದ್ರಾವಕದಿಂದ ಬೇರ್ಪಡಿಸಿ ತೂಗುವ ವಿಧಾನದಲ್ಲಿ ಸಪೋನಿನ್ 52 ಪ್ರತಿಶತ ಎಂದು ಬಂದ ಅದೇ ಸಾರ, ವೆನಿಲಿನ್ ಮತ್ತು ಸಲ್ಫ್ಯೂರಿಕ್ ಆಮ್ಲದ ಬಣ್ಣದ ಪರೀಕ್ಷೆಯಲ್ಲಿ ಬಹಳ ಕಡಿಮೆ ತೋರಿಸಿತು, ಏಕೆಂದರೆ ತೂಗುವಾಗ ಸಪೋನಿನ್ ಅಲ್ಲದ ವಸ್ತುಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದ್ದರಿಂದ ಅಳೆದ ವಿಧಾನವನ್ನು ಹೇಳದೆ ಪ್ರತಿಶತವನ್ನಷ್ಟೇ ಬರೆಯುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢ ಅಭಿಪ್ರಾಯ. ಈಗ ಪ್ರತಿ ಬ್ಯಾಚನ್ನೂ ತೂಗುವ ವಿಧಾನದಲ್ಲೇ ಅಳೆದು 40 ಪ್ರತಿಶತಕ್ಕೆ ತರುತ್ತೇವೆ: 52 ಪ್ರತಿಶತದ 1 ಕಿಲೋ ಸಾರಕ್ಕೆ 300 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ, ಬೆರಕೆಗೆ ಬಳಸುವ ಪುಡಿ).

ಗಂಟಿನ ವಿಷಯ: ಜೆಲಟಿನ್ ಚಿಪ್ಪಿನಲ್ಲಿ 13ರಿಂದ 16 ಪ್ರತಿಶತ ತೇವವಿರುತ್ತದೆ, ತೇವ ಹೀರುವ ನಮ್ಮ ಪುಡಿ ಅದನ್ನೇ ಸೆಳೆದುಕೊಳ್ಳುತ್ತಿತ್ತು, ಚಿಪ್ಪು ಒಣಗಿ ಬಿರಿಯುತ್ತಿತ್ತು. ತೇವ ಕಡಿಮೆಯಿರುವ ಎಚ್‌ಪಿಎಂಸಿ (ಸಸ್ಯದ ಸೆಲ್ಯುಲೋಸ್‌ನಿಂದ ತಯಾರಾದ ವಸ್ತು) ಚಿಪ್ಪಿಗೆ ಬದಲಾಯಿಸಿದ ಮೇಲೆ ಎರಡೂ ನಿಂತಿವೆ. 40 ಡಿಗ್ರಿ ಶಾಖ, 75 ಪ್ರತಿಶತ ಆರ್ದ್ರತೆಯಲ್ಲಿ 6 ತಿಂಗಳ ಪರೀಕ್ಷೆಗೆ ಮಾದರಿಗಳನ್ನು ಇಟ್ಟಿದ್ದೇವೆ. ಮೂರನೆಯ ತಿಂಗಳಲ್ಲಿ ತೆರೆದ ಡಬ್ಬಿಯ ಪುಡಿ ಇನ್ನೂ ಸಡಿಲವಾಗಿಯೇ ಇತ್ತು.