ಪೆಡಲ್ ಸ್ಟೀಲ್ ಗಿಟಾರ್: ನಾದ ನುಣುಪಾಗಲು ಎಲ್ಲಿಂದ ತಿದ್ದಿಕೊಳ್ಳಬೇಕು?

ಸರಸ್ವತಿಪುರಂ ಸ್ಟೀಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ವೀಣೆಗೆ, ಪಿಟೀಲಿಗೆ ಗುರುಗಳು ಸಿಗುತ್ತಾರೆ, ಪೆಡಲ್ ಸ್ಟೀಲಿಗೆ (ಮಲಗಿಸಿಟ್ಟು, ತಂತಿಗಳ ಮೇಲೆ ಲೋಹದ ಬಾರ್ ಸರಿಸುತ್ತಾ, ಪೆಡಲ್ ಒತ್ತಿ ಸ್ವರ ಬದಲಿಸುವ ಗಿಟಾರ್) ಸಿಗುವುದಿಲ್ಲ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ವಾದ್ಯ ಹತ್ತು ತಂತಿಯದು, ಇ ನೈನ್ತ್ ಶ್ರುತಿ (ಇ ಸ್ವರವನ್ನು ಆಧಾರ ಮಾಡಿಕೊಂಡು ತಂತಿ ಸೇರಿಸುವ ರೂಢಿ). ಎ, ಬಿ, ಸಿ ಎಂಬ ಮೂರು ಪೆಡಲ್, ಮಂಡಿಯಿಂದ ತಳ್ಳುವ ನಾಲ್ಕು ಲಿವರ್, ತಂತಿಯ ಉದ್ದ 24 ಇಂಚು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ), 7/8 ಇಂಚು ದಪ್ಪದ ಸ್ಟೇನ್‌ಲೆಸ್ ಬಾರ್, ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಎರಡು ಬೆರಳಿಗೆ ಲೋಹದ ಪಿಕ್. ವಾಲ್ಯೂಮ್ ಪೆಡಲ್ ಮೂಲಕ 20 ವ್ಯಾಟ್ ಗಿಟಾರ್ ಆಂಪ್‌ಗೆ ಹೋಗುತ್ತದೆ.

3, 4, 5ನೇ ತಂತಿ ತಗಡು ಬಡಿದ ಹಾಗೆ ಕೇಳುತ್ತವೆ. ಬಾರ್ ಸರಿಸಿದಾಗ 7ರಿಂದ 10ನೇ ತಂತಿಯಲ್ಲಿ ಕರ್ರ್ ಎನ್ನುವ ಸದ್ದು. ವಾಲ್ಯೂಮ್ ಪೆಡಲ್ ಒತ್ತಿದರೆ ಪ್ರತಿ ಸ್ವರವೂ ‘ವಾಂಯ್’ ಎಂದು ಎದ್ದು ಬರುತ್ತದೆ. ಟ್ಯೂನರ್‌ನಲ್ಲಿ ಎಲ್ಲಾ ತಂತಿಗಳನ್ನೂ ಸೊನ್ನೆಗೆ ಸೇರಿಸಿದ್ದರೂ ಎ ಮತ್ತು ಬಿ ಪೆಡಲ್ ಒಟ್ಟಿಗೆ ಒತ್ತಿದಾಗ ಅಪಶ್ರುತಿ. ರಿವರ್ಬ್ (ಆಂಪ್ ಸೇರಿಸುವ ಪ್ರತಿಧ್ವನಿ) ಹೆಚ್ಚಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಯಾವುದನ್ನು ಮೊದಲು ಹಿಡಿಯಲಿ?

ಹತ್ತು ತಂತಿ ಉತ್ತರಿಸಿದ್ದು:

ಮೊದಲು ರಿವರ್ಬ್ ಸೊನ್ನೆ ಮಾಡಿ, ಇನ್ನು ಒಂದು ತಿಂಗಳು ಅದನ್ನು ಮುಟ್ಟಬೇಡಿ. ತಪ್ಪು ಕೇಳಿಸದೆ ತಿದ್ದುವುದಕ್ಕೆ ಆಗುವುದಿಲ್ಲ. ನೀವು ಬರೆದದ್ದರಲ್ಲಿ ಹೆಚ್ಚಿನ ಪಾಲು ಕೈಯದು, ಯಂತ್ರದ್ದಲ್ಲ.

ತಗಡಿನ ಸದ್ದಿಗೆ ಕಾರಣ ಬಹುಮಟ್ಟಿಗೆ ಮೀಟುವ ಜಾಗ. ನಿಮ್ಮ ಬಲಗೈ ಪಿಕಪ್ಪಿನ ಮೇಲೇ ಕೂತಿರಬೇಕು, ನೋಡಿಕೊಳ್ಳಿ. ಚೇಂಜರ್‌ಗೆ, ಅಂದರೆ ಪೆಡಲ್ ಒತ್ತಿದಾಗ ತಂತಿಯ ಬಿಗಿ ಬದಲಿಸುವ, ವೀಣೆಯಲ್ಲಿ ಕುದುರೆ ಇರುವ ಕಡೆಯ ಭಾಗಕ್ಕೆ, ಹತ್ತಿರ ಮೀಟಿದಷ್ಟೂ ಮೇಲಿನ ಸ್ವರಾಂಶಗಳು ಜೋರಾಗಿ ಮೂಲ ಸ್ವರ ಬಡವಾಗುತ್ತದೆ. ಬಾರ್‌ನಿಂದ ಚೇಂಜರ್‌ವರೆಗೆ ಎಷ್ಟು ತಂತಿ ಉಳಿದಿದೆಯೋ ಅದರ ಐದನೇ ಒಂದು ಪಾಲಿನಲ್ಲಿ ಮೀಟಿ ನೋಡಿ. ಬಾರ್ 5ನೇ ಫ್ರೆಟ್‌ನಲ್ಲಿದ್ದರೆ (ಫ್ರೆಟ್ ಅಂದರೆ ಸ್ವರಸ್ಥಾನ ತೋರಿಸುವ ಗೆರೆ) ಉಳಿದ ತಂತಿ ಸುಮಾರು 46 ಸೆಂ.ಮೀ., ಆಗ ಕೈ ಚೇಂಜರ್‌ನಿಂದ 9 ಸೆಂ.ಮೀ. ದೂರದಲ್ಲಿರಲಿ. 12ನೇ ಫ್ರೆಟ್‌ನಲ್ಲಿ ಉಳಿಯುವುದು 30 ಸೆಂ.ಮೀ. ಚಿಲ್ಲರೆ, ಕೈ 6 ಸೆಂ.ಮೀ.ಗೆ ಬರಬೇಕು. ಬಾರ್ ಮೇಲಕ್ಕೆ ಹೋದಾಗ ಬಲಗೈಯೂ ಸ್ವಲ್ಪ ಸರಿಯಬೇಕೆಂಬುದು ಇದರ ಅರ್ಥ. ಕೈ ಒಂದೇ ಕಡೆ ನೆಟ್ಟಿದ್ದರೆ ಕೆಳಗಿನ ಫ್ರೆಟ್‌ನಲ್ಲಿ ಒಂದು ನಾದ, ಮೇಲಿನ ಫ್ರೆಟ್‌ನಲ್ಲಿ ಇನ್ನೊಂದು ನಾದ ಬರುತ್ತದೆ.

ಇನ್ನು ಪಿಕ್. ಲೋಹದ ಪಿಕ್ಕಿನ ಅಲಗು ತಂತಿಗೆ ಚಪ್ಪಟೆಯಾಗಿ ತಾಗಬೇಕು. ಓರೆಯಾಗಿ ಅಂಚು ತಾಗಿದರೆ ಪ್ರತಿ ಮೀಟಿಗೂ ಚಿಕ್ ಎನ್ನುತ್ತದೆ. ಅಲಗನ್ನು ಬೆರಳ ತುದಿಯ ಬಾಗಿಗೆ ಸರಿಯಾಗಿ ಬಗ್ಗಿಸಿಕೊಳ್ಳಿ, ತಂತಿಯ ಕೆಳಗೆ 2 ಮಿ.ಮೀ.ಗಿಂತ ಹೆಚ್ಚು ಇಳಿಯದಿರಲಿ. ಮೀಟುವಾಗ ಬೆರಳು ಅಂಗೈ ಕಡೆಗೆ ಮಡಚಬೇಕು. ಮೇಲಕ್ಕೆ ಕಿತ್ತರೆ ತಂತಿ ಪಿಕಪ್ ಕಡೆಗೆ ಬಡಿದಂತಾಗುತ್ತದೆ.

ನುಣುಪಿನ ನಿಜವಾದ ಗುಟ್ಟು ಬ್ಲಾಕಿಂಗ್‌ನಲ್ಲಿದೆ. ಒಂದು ಸ್ವರ ಮುಗಿದ ಮೇಲೆ ಆ ತಂತಿ ಬಾಯಿ ಮುಚ್ಚಬೇಕು. ಹತ್ತು ತಂತಿಯೂ ಒಟ್ಟಿಗೆ ಗುಂಯ್ ಎನ್ನುತ್ತಿದ್ದರೆ ಯಾವ ಆಂಪ್ ತಂದರೂ ಕೆಸರೇ. ಬಲಗೈಯ ಕಿರುಬೆರಳಿನ ಕಡೆಯ ಅಂಚನ್ನು ತಂತಿಗಳ ಮೇಲೆ ಹಗುರವಾಗಿ ಇಳಿಸಿ. ಮುಂದಿನ ಮೀಟಿಗೆ ಕೂದಲೆಳೆಯಷ್ಟು ಮುಂಚೆ ಅದು ಕೂರಬೇಕು, ಮೀಟುತ್ತಿದ್ದಂತೆ ಏಳಬೇಕು. ಅಭ್ಯಾಸಕ್ಕೆ: ಬಾರ್ 5ನೇ ಫ್ರೆಟ್, ಮೆಟ್ರೊನೋಮ್ 50, ಹೆಬ್ಬೆರಳಿಂದ 5ನೇ ತಂತಿ, ನಡುಬೆರಳಿಂದ 4ನೇ ತಂತಿ, ಒಂದು ಏಟಿಗೆ ಒಂದು ಸ್ವರ. ಎರಡು ಸ್ವರಗಳ ನಡುವೆ ಸಣ್ಣ ಮೌನ ಕೇಳಲೇಬೇಕು. ಅದು ಸ್ವಚ್ಛವಾದ ಮೇಲೆ ಮೌನವನ್ನು ಕಿರಿದು ಮಾಡುತ್ತಾ ಹೋಗಿ, ವೇಗ ಆಮೇಲೆ. ದಿನಕ್ಕೆ 15 ನಿಮಿಷ ಇದೊಂದೇ ಆದರೂ ಸಾಕು.

ಗೋಟುವಾದ್ಯ ಅಗ್ರಹಾರ ಉತ್ತರಿಸಿದ್ದು:

ಮೇಲಿನವರು ಬಲಗೈ ಹೇಳಿದರು, ನಾನು ಎಡಗೈ ಹೇಳುತ್ತೇನೆ. ಗೋಟುವಾದ್ಯದ ತಂತಿಗಳ ಮೇಲೆ ಗೋಟು (ಜಾರಿಸುವ ತುಂಡು) ಸರಿಸುವುದಕ್ಕೂ ಬಾರ್ ಸರಿಸುವುದಕ್ಕೂ ಮೂಲ ನಿಯಮ ಒಂದೇ: ಭಾರ ಕೈಯದಲ್ಲ, ಗೋಟಿನದು. 7/8 ಇಂಚಿನ ಸ್ಟೀಲ್ ಬಾರ್ ಕಾಲು ಕಿಲೋ ಆಸುಪಾಸು ತೂಗುತ್ತದೆ, ತಂತಿಯನ್ನು ಹಿಡಿದು ನಿಲ್ಲಿಸಲು ಅಷ್ಟು ಸಾಕು. ನೀವು ಮೇಲಿಂದ ಒತ್ತಿದರೆ ತಂತಿ ಕೆಳಗೆ ಬಾಗಿ ಶ್ರುತಿ ಏರುತ್ತದೆ, ಸರಿಸುವಾಗ ಸುತ್ತಿದ ತಂತಿಗಳು ಗರಗಸದ ಹಾಗೆ ಕೂಗುತ್ತವೆ.

ಉಂಗುರಬೆರಳು, ಕಿರುಬೆರಳು ಬಾರ್‌ನ ಹಿಂದೆ, ಅಂದರೆ ಎಡಕ್ಕೆ, ತಂತಿಗಳ ಮೇಲೆ ಮಲಗಿರಬೇಕು. ಬಾರ್‌ನ ಹಿಂದಿನ ಭಾಗದ ತಂತಿಯೂ ಕಂಪಿಸುತ್ತದೆ, ಅದನ್ನು ಅಡಗಿಸದಿದ್ದರೆ ಪ್ರತಿ ಸ್ವರದ ಜೊತೆ ಇನ್ನೊಂದು ಬೇಡದ ಸ್ವರ ಸಣ್ಣಗೆ ಬರುತ್ತಲೇ ಇರುತ್ತದೆ. ಕರ್ರ್ ಸದ್ದಿಗೆ ಅರ್ಧ ಮದ್ದು ಇದು. ಇನ್ನರ್ಧ: ಮೇಲಿನ ತಂತಿಗಳನ್ನು ಮಾತ್ರ ನುಡಿಸುವಾಗ ಬಾರ್‌ನ ನಿಮ್ಮ ಕಡೆಯ ತುದಿಯನ್ನು ಒಂದಿಷ್ಟು ಎತ್ತಿ, ದಪ್ಪ ತಂತಿಗಳಿಂದ ಬಿಡಿಸಿ. ಬಾರ್‌ನ ಮೈಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ತಡೆದರೆ ಅಲ್ಲಿ ಗೀರು ಬಿದ್ದಿದೆ, 2000 ನಂಬರ್ ಎಮರಿ ಪೇಪರ್, ಆಮೇಲೆ ಬ್ರಾಸೋ ಹಾಕಿ ಉಜ್ಜಿ.

ಕಂಪಿತದ, ಅಂದರೆ ಬಾರ್ ಅಲುಗಿಸಿ ಸ್ವರ ನಡುಗಿಸುವುದರ ಬಗ್ಗೆ ಒಂದು ಲೆಕ್ಕ. 24 ಇಂಚಿನ ವಾದ್ಯದಲ್ಲಿ 5ನೇ ಫ್ರೆಟ್‌ನಿಂದ 6ನೆಯದಕ್ಕೆ 2.6 ಸೆಂ.ಮೀ. ದೂರ, 12ರಿಂದ 13ಕ್ಕೆ 1.7 ಸೆಂ.ಮೀ., 17ರಿಂದ 18ಕ್ಕೆ 1.3 ಸೆಂ.ಮೀ. ಮಾತ್ರ. ಕೆಳಗೆ 2 ಮಿ.ಮೀ. ಅಲುಗಾಟ ಇಂಪಾಗಿ ಕೇಳಿದರೆ ಅದೇ ಅಲುಗಾಟ 17ರಲ್ಲಿ ಅದಕ್ಕೆ ಎರಡರಷ್ಟು ಅಗಲವಾಗುತ್ತದೆ. ಮೇಲೆ ಹೋದಂತೆ ಕಿರಿದು ಮಾಡಿ. ಸ್ವರ ಬಂದ ಕೂಡಲೇ ಅಲುಗಿಸಬೇಡಿ, ಮೊದಲು ಸ್ಥಾನದಲ್ಲಿ ನಿಲ್ಲಿ, ಸ್ವರ ನಿಂತ ಮೇಲೆ ಕಂಪಿತ. ತಂಬೂರಿ ಆ್ಯಪ್ ಇ ಶ್ರುತಿಗೆ ಇಟ್ಟು, ಅಂದರೆ ಹಾರ್ಮೋನಿಯಂನ ಮೂರನೇ ಬಿಳಿ ಮನೆಗೆ ಇಟ್ಟು, ಕಂಪಿತವೇ ಇಲ್ಲದೆ ಒಂದೊಂದು ಸ್ವರವನ್ನು ಎಂಟು ಅಕ್ಷರ ಕಾಲ ಹಿಡಿಯುವುದೇ ಅತ್ಯುತ್ತಮ ಸಾಧಕ. ಫ್ರೆಟ್ ಗೆರೆಯನ್ನು ಪಕ್ಕದಿಂದ ನೋಡಬೇಡಿ. ಬಾರ್ ದುಂಡಗಿರುವುದರಿಂದ ತಂತಿಗೆ ತಾಗುವ ಬಿಂದು ಕಣ್ಣಿಗೆ ಕಾಣುವುದಿಲ್ಲ, ನೇರ ಮೇಲಿಂದ ನೋಡಿದರೆ ಮಾತ್ರ ಅಂದಾಜು ಸರಿಯಾಗುತ್ತದೆ.

ಮಂಡ್ಯ ವಾಲ್ವ್ ಉತ್ತರಿಸಿದ್ದು:

ಸರ್, ವಾಲ್ಯೂಮ್ ಪೆಡಲನ್ನ ಪ್ರತಿ ಸ್ವರಕ್ಕೂ ಸೊನ್ನೆಯಿಂದ ಎತ್ತುತ್ತಿದ್ದೀರಿ ಅನ್ಸುತ್ತೆ, ಅದಕ್ಕೇ ವಾಂಯ್ ಅನ್ನೋದು. ಅರ್ಧ ಒತ್ತಿಟ್ಟುಕೊಂಡೇ ಮೀಟಿ. ಸ್ವರ ಇಳಿಯೋಕೆ ಶುರುವಾದಾಗ ಮಾತ್ರ, ಅದು ಇಳಿದಷ್ಟೇ ನಿಧಾನಕ್ಕೆ ಒತ್ತುತ್ತಾ ಹೋಗಿ. ಕೇಳುವವರಿಗೆ ಪೆಡಲ್ ಇದೆ ಅಂತಾನೇ ಗೊತ್ತಾಗಬಾರದು, ನಾದ ಸುಮ್ಮನೆ ನಿಂತಿದೆ ಅನ್ನಿಸಬೇಕು. ಮುಂದಿನ ಮೀಟಿಗೆ ಮುಂಚೆ ಮತ್ತೆ ಅರ್ಧಕ್ಕೆ ಬನ್ನಿ. ಪೆಡಲ್ ಒತ್ತಿದಾಗ ಕರಕರ ಬಂದರೆ ಪಾಟ್ (ಸದ್ದು ಏರಿಳಿಸುವ ಬಿಡಿಭಾಗ) ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ಆಡಿಸಿ. ಗಿಟಾರ್‌ನಿಂದ ಪೆಡಲ್‌ಗೆ ಹೋಗುವ ಕೇಬಲ್ 3 ಮೀಟರ್ ದಾಟಬಾರದು.

20 ವ್ಯಾಟ್ ಆಂಪ್ ಕಡಿಮೆ ಆಯ್ತು. ಪೆಡಲ್ ಪೂರ್ತಿ ಒತ್ತಿದಾಗಲೂ ಆಂಪ್ ಹರಿದುಹೋಗದೆ ಸ್ವಚ್ಛ ನಿಲ್ಲಬೇಕು. ಸ್ಟೀಲ್ ನುಡಿಸುವವರು 85 ವ್ಯಾಟಿನ ಫೆಂಡರ್ ಟ್ವಿನ್ ರಿವರ್ಬ್, 15 ಇಂಚು ಸ್ಪೀಕರಿನ ಪೀವಿ ನ್ಯಾಶ್‌ವಿಲ್ 400 ಅಂಥವನ್ನು ಹುಡುಕೋದು ಜೋರು ಸದ್ದಿಗಲ್ಲ, ಈ ಮೀಸಲಿಗೆ. ಸದ್ಯಕ್ಕೆ ಇರೋದರಲ್ಲೇ ಗೇನ್ ತಗ್ಗಿಸಿ, ಟ್ರೆಬಲ್ 4, ಬೇಸ್ 6, ಮಿಡ್ 3ಕ್ಕೆ ಇಡಿ. ಈಕ್ವಲೈಜರ್ ಇದ್ದರೆ 800 ಹರ್ಟ್ಸ್ ಸುತ್ತ ಕಡಿತ ಮಾಡಿ, ಮೂಗಿನ ಸ್ವರ ಅಲ್ಲೇ ಕೂತಿರುತ್ತೆ. ಪಿಕಪ್ ತಂತಿಗೆ ತೀರಾ ಅಂಟಿಕೊಂಡಿದ್ದರೆ ಮೊನಚು ಜಾಸ್ತಿ, 4 ಮಿ.ಮೀ. ಅಂತರದಿಂದ ಶುರು ಮಾಡಿ.

ನುಡಿಸದಿದ್ದಾಗಲೂ ಆಂಪ್‌ನಿಂದ ಗುಂಯ್ ಸದ್ದು ಬಂದರೆ ಫ್ಯಾನ್ ರೆಗ್ಯುಲೇಟರ್ ಆರಿಸಿ ನೋಡಿ. ಹಳೇ ಮನೆಗಳ ಎರಡು ಪಿನ್ ಸಾಕೆಟ್‌ಗೆ ಹಾಕಲೇಬೇಡಿ, ಅರ್ತ್ ಇರುವ ಮೂರು ಪಿನ್ ಬೇಕೇ ಬೇಕು, ನುಡಿಸುವಾಗ ಎರಡೂ ಕೈ ಲೋಹದ ಮೇಲೇ ಇರುತ್ತೆ. ಅಮೆರಿಕದ ಆಂಪ್ ತರಿಸಿದರೆ ಅದು 120 ವೋಲ್ಟ್‌ನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಆಂಪ್ ಎಳೆಯುವುದರ ಎರಡರಷ್ಟು ಸಾಮರ್ಥ್ಯದ್ದಿರಲಿ.

ಸರಸ್ವತಿಪುರಂ ಸ್ಟೀಲ್:

ತುಂಬಾ ಉಪಕಾರ. ಕೈ ನಿಜಕ್ಕೂ ಪಿಕಪ್ ಮೇಲೇ ಇತ್ತು. ಶ್ರುತಿಯ ವಿಷಯ ಒಂದು ಉಳಿಯಿತು. ಜೊತೆಗೆ 3ನೇ ತಂತಿ ಪದೇ ಪದೇ ಚೇಂಜರ್ ಹತ್ತಿರವೇ ತುಂಡಾಗುತ್ತಿದೆ. ಇಲ್ಲಿ ಸಿಗುವ ವೀಣೆ ತಂತಿ ಹಾಕಬಹುದೇ?

ಗೋಟುವಾದ್ಯ ಅಗ್ರಹಾರ:

ಟ್ಯೂನರ್‌ನ ಸೊನ್ನೆಯೇ ನಿಮ್ಮ ಅಪಶ್ರುತಿಗೆ ಕಾರಣ. ಅದು ಹಾರ್ಮೋನಿಯಂ ಶ್ರುತಿ, ಹನ್ನೆರಡು ಸಮ ಪಾಲು. ಇ ಷಡ್ಜವೆಂದುಕೊಳ್ಳಿ. ಜಿ ಶಾರ್ಪ್ ಅಂತರ ಗಾಂಧಾರ, ಅದು ಷಡ್ಜದೊಡನೆ ಬೆರೆಯಬೇಕಾದರೆ ಸೊನ್ನೆಗಿಂತ 14 ಸೆಂಟ್ ಕೆಳಗಿರಬೇಕು (ಸೆಂಟ್ ಅಂದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು). ಬಿ ಪಂಚಮ, 2 ಸೆಂಟ್ ಮೇಲೆ. ಡಿ ಶಾರ್ಪ್ ಕಾಕಲಿ ನಿಷಾದ, 12 ಕೆಳಗೆ. ಬಿ ಪೆಡಲ್ ಒತ್ತಿದಾಗ ಬರುವ ಎ ಶುದ್ಧ ಮಧ್ಯಮ, 2 ಕೆಳಗೆ. ಎ ಪೆಡಲ್ ಕೊಡುವ ಸಿ ಶಾರ್ಪ್ ಧೈವತ, ಅದು ಆ ಮಧ್ಯಮಕ್ಕೆ ಗಾಂಧಾರವಾಗಿ ಕೂರಬೇಕಾದ್ದರಿಂದ 16 ಕೆಳಗೆ.

ತೊಡಕು ಇರುವುದು ಎಫ್ ಶಾರ್ಪ್‌ನಲ್ಲಿ, ಅಂದರೆ ರಿಷಭದಲ್ಲಿ. 1 ಮತ್ತು 7ನೇ ತಂತಿಯ ಎಫ್ ಶಾರ್ಪ್ ಬಿ ಜೊತೆ ಸೇರುವಾಗ 4 ಸೆಂಟ್ ಮೇಲಿರಬೇಕು. ಸಿ ಪೆಡಲ್ 4ನೇ ತಂತಿಯಲ್ಲಿ ಕೊಡುವ ಎಫ್ ಶಾರ್ಪ್ ಸಿ ಶಾರ್ಪ್ ಜೊತೆ ಸೇರುವಾಗ 18 ಕೆಳಗಿರಬೇಕು. ನಮ್ಮ ಶಾಸ್ತ್ರದ ಚತುಶ್ರುತಿ, ತ್ರಿಶ್ರುತಿ ರಿಷಭಗಳ ಅಂತರವೇ ಇದು, 22 ಸೆಂಟಿನ ಪ್ರಮಾಣ ಶ್ರುತಿ. ವಾದ್ಯ ಕೆಟ್ಟಿದೆಯೆಂದು ಕೊರಗಬೇಡಿ. ಎರಡನ್ನೂ ಬೇರೆ ಬೇರೆಯಾಗಿಯೇ ಸೇರಿಸಿ, ಅವೆರಡನ್ನು ಒಟ್ಟಿಗೆ ನುಡಿಸಬೇಡಿ.

ಹತ್ತು ತಂತಿ:

ಅದಕ್ಕೆ ಇದನ್ನು ಸೇರಿಸಿಕೊಳ್ಳಿ. ಎ, ಬಿ ಎರಡೂ ಒತ್ತಿದಾಗ ತಂತಿಗಳ ಎಳೆತ ಹೆಚ್ಚಿ ವಾದ್ಯದ ಮೈ ಸ್ವಲ್ಪ ಬಾಗುತ್ತದೆ, ಪೆಡಲ್ ಮುಟ್ಟದ 4 ಮತ್ತು 8ನೇ ತಂತಿಯ ಇ ಕೂಡ ಇಳಿಯುತ್ತದೆ. ಟ್ಯೂನರ್‌ನಲ್ಲಿ ನೋಡಿ: 3 ಸೆಂಟ್ ಒಳಗಿದ್ದರೆ ಸಹಜ, ಇ ಅನ್ನು ಅದರ ಅರ್ಧದಷ್ಟು ಏರಿಸಿಟ್ಟರೆ ಎರಡೂ ಕಡೆ ಹೊಂದುತ್ತದೆ. 8–10 ಇಳಿದರೆ ಕಾಲು, ಪಕ್ಕದ ತಗಡು, ಚೇಂಜರ್‌ನ ಸ್ಕ್ರೂ ಬಿಗಿ ಮಾಡಿ. ಆಲ್ ಪುಲ್ ವಾದ್ಯವಾದರೆ (ಸ್ವರ ಏರಿಸಲೂ ಇಳಿಸಲೂ ಸರಳನ್ನು ಎಳೆಯುವ ರಚನೆಯದು) ಪೆಡಲ್ ಒತ್ತದೆ ಬಿಟ್ಟ ತಂತಿಯನ್ನು ಬಿರಡೆಯಲ್ಲಿ ಸೇರಿಸಿ, ಪೆಡಲ್ ಒತ್ತಿದ ಸ್ವರವನ್ನು ಬಲತುದಿಯ ನೈಲಾನ್ ನಟ್‌ನಲ್ಲಿ ಸೇರಿಸಿ, ಇದೇ ಕ್ರಮದಲ್ಲಿ. ಹಿಂದುಮುಂದು ಮಾಡಿದರೆ ಗಂಟೆಗಟ್ಟಲೆ ಸುತ್ತುತ್ತೀರಿ.

3ನೇ ತಂತಿ 0.011 ಇಂಚಿನದು, ಹತ್ತರಲ್ಲಿ ಅತ್ಯಂತ ಎತ್ತರದ ಸ್ವರ ಅದರದೇ. ಮೊದಲೇ ಕಡಿಯುವ ಅಂಚಿಗೆ ಬಿಗಿದಿರುತ್ತದೆ, ಪೆಡಲ್ ಒತ್ತಿದಾಗ ಇನ್ನೂ ಬಿಗಿಯುತ್ತದೆ. ಚೇಂಜರ್‌ನಲ್ಲಿ ತಂತಿ ಕೂರುವ ಅಲ್ಯುಮಿನಿಯಂ ‘ಬೆರಳಿನ’ ಮೇಲೆ ಸಣ್ಣ ಗಾಡಿಜಾಡು ಬಿದ್ದಿದ್ದರೆ ಅಲ್ಲೇ ತುಂಡಾಗುತ್ತದೆ. ತಂತಿ ಬಿಚ್ಚಿ 600, ಆಮೇಲೆ 1500 ಎಮರಿ ಪೇಪರನ್ನು ತಂತಿ ಓಡುವ ದಿಕ್ಕಿಗೇ ಉಜ್ಜಿ ಗುಂಡಗೆ ಮಾಡಿ, ಪುಡಿ ಒಳಗೆ ಬೀಳದಂತೆ ಬಟ್ಟೆ ತುರುಕಿ. ಕೊನೆಗೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ.

ವೀಣೆ ತಂತಿ ಬೇಡ. ಹಿತ್ತಾಳೆ ತಂತಿ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ, ಪಿಕಪ್‌ಗೆ ಕೇಳಿಸುವುದೇ ಇಲ್ಲ. ಉಕ್ಕಿನದಕ್ಕೆ ಚೇಂಜರ್‌ಗೆ ಸಿಕ್ಕಿಸುವ ಗುಂಡು ಇರುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಬಿಡಿ 0.011 ತಂತಿ ಹಾಕಿ, ಆರೇಳು ಒಟ್ಟಿಗೆ ತಂದಿಡಿ. ಜೂನ್‌ನಿಂದ ಮಳೆ ಹಿಡಿದ ಮೇಲೆ ನುಡಿಸಿದ ಪ್ರತಿ ಸಲವೂ ಒಣ ಹತ್ತಿಬಟ್ಟೆಯಲ್ಲಿ ತಂತಿಯ ಕೆಳಮೈಯನ್ನೂ ಒರೆಸಿ. ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಬೀಳದ ಆ ಕಡೆಯೇ, ಬಾರ್ ಅಡಿಯಲ್ಲಿ ಕರ್ರ್ ಎನ್ನುವುದು ಅಲ್ಲಿಂದಲೂ ಶುರುವಾಗುತ್ತದೆ.