ಹಾಯಿದೋಣಿಯಲ್ಲಿ ಮಾಂಡ್ವಾಕ್ಕೆ: ಹಡಗಿನ ದಾರಿ ದಾಟೋದು ಹೇಗೆ?

ಪ್ರಶ್ನೆ: ನಮಸ್ಕಾರ ಕ್ಯಾಪ್ಟನ್ ಸರ್. ನಾನು ಧಾರವಾಡದವನು, ಈಗ ಮುಂಬೈಯ ಕೊಲಾಬಾದಲ್ಲಿದ್ದೇನೆ. ಇಬ್ಬರು ಗೆಳೆಯರ ಜೊತೆ ಸೇರಿ 22 ಅಡಿಯ ಹಾಯಿದೋಣಿ ತಗೊಂಡಿದ್ದೇವೆ. ಕಳೆದ ಭಾನುವಾರ ಗೇಟ್‌ವೇ ಕಡೆಯಿಂದ ಆಚೆ ದಡದ ಮಾಂಡ್ವಾಕ್ಕೆ ಹೊರಟಿದ್ದೆವು. ನಡುವೆ ನ್ಹಾವಾ ಶೇವಾ ಬಂದರಿಗೆ ಹೋಗುವ ಕಂಟೇನರ್ ಹಡಗು ಎದುರಾಯಿತು. ಐದು ಸಲ ಹಾರ್ನ್ ಹೊಡೆಯಿತು. ಹೆದರಿ ವಾಪಸ್ ತಿರುಗಿಸಿದೆವು. ಹಾಯಿದೋಣಿಗೆ ಇಂಜಿನ್ ಹಡಗು ದಾರಿ ಬಿಡಬೇಕು ಅಂತ ಕಲಿತಿದ್ದೆವು. ಹಾಗಾದರೆ ತಪ್ಪು ಯಾರದ್ದು?

ಉತ್ತರ: ನಿಮ್ಮದೇ ಮಾರಾಯ್ರೇ! ಆದರೆ ವಾಪಸ್ ತಿರುಗಿಸಿದಿರಲ್ಲ, ಅದು ಒಳ್ಳೆಯದಾಯಿತು. ಐದು ಚಿಕ್ಕ ಹಾರ್ನ್ ಅಂದರೆ 'ನೀನು ಏನು ಮಾಡುತ್ತಿದ್ದೀಯೋ ನನಗೆ ಗೊತ್ತಾಗುತ್ತಿಲ್ಲ' ಅಂತ.

ನೀವು ಕಲಿತದ್ದು ತೆರೆದ ಸಮುದ್ರಕ್ಕೆ ಸರಿ. ಬಂದರಿನ ಚಾನೆಲ್‌ಗೆ, ಅಂದರೆ ದೊಡ್ಡ ಹಡಗು ಓಡುವ ಆಳದ ದಾರಿಗೆ, 1972ರ ಡಿಕ್ಕಿ ತಡೆ ನಿಯಮಗಳಲ್ಲಿ 9ನೆಯದು ಬೇರೆಯೇ ಇದೆ. 20 ಮೀಟರಿಗಿಂತ ಚಿಕ್ಕ ದೋಣಿಯಾಗಲಿ, ಹಾಯಿದೋಣಿಯಾಗಲಿ, ಚಾನೆಲ್ ಬಿಟ್ಟು ಹೋಗಲಾಗದ ಹಡಗಿಗೆ ಅಡ್ಡ ಬರಬಾರದು. ಆ ಹಡಗಿಗೆ ಪಕ್ಕಕ್ಕೆ ಸರಿದರೆ ತಳ ನೆಲಕ್ಕೆ ತಾಗುತ್ತದೆ. ನಿಮಗೆ ಒಂದೂವರೆ ಮೀಟರ್ ನೀರಿದ್ದರೆ ಸಾಕು ಅಲ್ವಾ?

ನಾನು ಮೂವತ್ತು ವರ್ಷ ಬ್ರಿಡ್ಜ್ ಮೇಲಿಂದ, ಅಂದರೆ ಹಡಗು ನಡೆಸುವ ಎತ್ತರದ ಕೋಣೆಯಿಂದ, ನೋಡಿದವನು. ಒಮ್ಮೆ ಹೀಗೇ ಒಂದು ಬಿಳಿ ಹಾಯಿ ನಮ್ಮ ಮುಂದೆ ಬಂತು. ಕಂಟೇನರ್ ಸಾಲಿನ ಮರೆಗೆ ಹೋಯಿತು. ಅಷ್ಟೇ, ಕಾಣಿಸಲಿಲ್ಲ. ಹಡಗಿನ ಮೂತಿಯ ಮುಂದೆ 500 ಮೀಟರ್‌ವರೆಗೂ ನೀರು ಕಾಣದೇ ಇರಬಹುದು, ಕಾನೂನೇ ಅಷ್ಟಕ್ಕೆ ಒಪ್ಪುತ್ತದೆ. ಆ ಹಾಯಿ ಇನ್ನೊಂದು ಬದಿಯಲ್ಲಿ ಹೊರಗೆ ಬರುವವರೆಗೆ ಬ್ರಿಡ್ಜ್‌ನಲ್ಲಿ ಯಾರೂ ಮಾತಾಡಲಿಲ್ಲ.

ಪ್ರಶ್ನೆ: ಅಯ್ಯೋ! ಹಾಗಾದರೆ ಜಾಗ ಸಾಕಾಗುತ್ತದೋ ಇಲ್ಲವೋ ಹೇಗೆ ಅಂದಾಜು ಮಾಡೋದು ಸರ್? ದೂರದಿಂದ ನಿಧಾನ ಬರ್ತಿದೆ ಅನಿಸುತ್ತದೆ.

ಉತ್ತರ: ಅದೇ ಮೋಸ. ನಿಮ್ಮ ದೋಣಿ 4 ನಾಟ್ (ಸಮುದ್ರದಲ್ಲಿ ವೇಗದ ಅಳತೆ) ಓಡಿದರೆ ನಿಮಿಷಕ್ಕೆ ಸುಮಾರು 120 ಮೀಟರ್. ಅರ್ಧ ಕಿಲೋಮೀಟರ್ ದಾಟಲು 4 ನಿಮಿಷ ಬೇಕು. ಅಷ್ಟರಲ್ಲಿ 12 ನಾಟ್ ಹಡಗು ಒಂದೂವರೆ ಕಿಲೋಮೀಟರ್ ಬಂದಿರುತ್ತದೆ. ಗಾಳಿ ಸತ್ತರಂತೂ ಲೆಕ್ಕವೇ ಇಲ್ಲ. ಅದಕ್ಕೇ ಚಾನೆಲ್ ಬಾಯಿಗೆ ಬರುವ ಮೊದಲೇ ಇಂಜಿನ್ ಶುರು ಮಾಡಿಟ್ಟುಕೊಳ್ಳಿ.

ಕಣ್ಣಳತೆ ನಂಬಬೇಡಿ, ಹೀಗೆ ನೋಡಿ. ಚುಕ್ಕಾಣಿ ಹಿಡಿದು ಅಲ್ಲಾಡದೆ ಕೂತುಕೊಳ್ಳಿ, ದೋಣಿಯ ದಿಕ್ಕೂ ಬದಲಾಗಬಾರದು. ಹಾಯಿಕಂಬಕ್ಕೆ ಬಿಗಿದ ಪಕ್ಕದ ತಂತಿಯ ನೇರಕ್ಕೆ ಹಡಗು ಇದೆ ಅಂತಿಟ್ಟುಕೊಳ್ಳಿ. ಎರಡು ನಿಮಿಷ ಬಿಟ್ಟೂ ಅದೇ ತಂತಿಯ ನೇರಕ್ಕೇ ಇದ್ದು, ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಖಂಡಿತ. ತಂತಿಯಿಂದ ನಿಮ್ಮ ಮುಂಭಾಗದ ಕಡೆ ಸರಿದರೆ ಅದು ನಿಮ್ಮ ಮುಂದೆ ಹೋಗುತ್ತದೆ, ಹಿಂದಕ್ಕೆ ಸರಿದರೆ ನಿಮ್ಮ ಹಿಂದೆ. ಅನುಮಾನ ಬಂದರೆ ಬೇಗ ತಿರುಗಿಸಿ, ಜಾಸ್ತಿ ತಿರುಗಿಸಿ, ಅದರ ಬೆನ್ನ ಹಿಂದೆ ಹೋಗಿ. ಐದು ಐದು ಡಿಗ್ರಿ ತಿರುಗಿಸಿದರೆ ಬ್ರಿಡ್ಜ್‌ನವರಿಗೆ ಏನೂ ಗೊತ್ತಾಗುವುದಿಲ್ಲ.

ದಾಟುವಾಗ ಓರೆಯಾಗಿ ಹೋಗಬೇಡಿ, ಮೂತಿಯನ್ನು ಚಾನೆಲ್‌ಗೆ ಅಡ್ಡ ನೇರಕ್ಕೆ ಇಡಿ. ಮುಂಬೈಯಲ್ಲಿ ಇಳಿತದ ಸೆಳೆತ ಜೋರು, ನಿಮ್ಮನ್ನು ಪಕ್ಕಕ್ಕೆ ಒಯ್ಯುತ್ತದೆ. ಒಯ್ಯಲಿ ಬಿಡಿ. ಅದರ ಜೊತೆ ಗುದ್ದಾಡಲು ಮೂತಿ ತಿರುಗಿಸಿದರೆ ಚಾನೆಲ್‌ನಲ್ಲೇ ಹೆಚ್ಚು ಹೊತ್ತು ಉಳಿಯುತ್ತೀರಿ. ಆಚೆ ಸೇರಿದ ಮೇಲೆ ಸರಿಪಡಿಸಿಕೊಳ್ಳಿ.

ಇನ್ನೊಬ್ಬರು: ಸರ್, ನಡುವೆ ಸೇರಿಕೊಳ್ಳುತ್ತೇನೆ, ಕ್ಷಮಿಸಿ. ರಾತ್ರಿ ಹಾಯಿದೋಣಿ ಓಡಿಸಬಹುದಾ? ವಾಶಿಯಲ್ಲಿರೋ ನಮ್ಮ ಭಾವ ಹುಚ್ಚು ಹಿಡಿಸಿದ್ದಾರೆ.

ಉತ್ತರ: ಮೊದಲ ವರ್ಷ ಭಾವನಿಗೆ ಬೇಡ ಅಂತಲೇ ಹೇಳಿ. ಹಿಂದೆ ನಗರದ ದೀಪಗಳ ರಾಶಿ, ಅದರಲ್ಲಿ ಹಡಗಿನ ದೀಪ ಹುಡುಕೋದು ನನಗೇ ಕಷ್ಟ. ಹೊರಟೇ ಬಿಟ್ಟರೆ ಒಂದು ನೆನಪಿಡಿ. ದೊಡ್ಡ ಹಡಗಿಗೆ ಎರಡು ಬಿಳಿ ದೀಪ, ಹಿಂದಿನದು ಎತ್ತರ. ಎರಡೂ ಒಂದರ ಮೇಲೊಂದು ನೆಟ್ಟಗೆ ನಿಂತು, ಕೆಳಗೆ ಕೆಂಪು ಹಸಿರು ಎರಡೂ ಕಂಡರೆ ಅದು ನಿಮ್ಮ ಮೇಲೇ ಬರುತ್ತಿದೆ. ಬಲವಾದ ಟಾರ್ಚ್ ಇಟ್ಟುಕೊಳ್ಳಿ, ನಿಮ್ಮ ಹಾಯಿಯ ಮೇಲೇ ಬೆಳಕು ಬಿಡಿ. ಬಿಳಿ ಬಟ್ಟೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ವಿಎಚ್‌ಎಫ್ ರೇಡಿಯೋ ಇದೆ ಸರ್, ಹಡಗಿನವರ ಜೊತೆ ಮಾತಾಡೋ ವಾಕಿಟಾಕಿ, ಕೆಳಗೆ ಕಪಾಟಿನಲ್ಲಿ. ಕರೆಯೋಕೆ ರೇಡಿಯೋದ 16ನೇ ಚಾನೆಲ್ ಅಲ್ವಾ?

ಉತ್ತರ: 16 ಸರಿ. ಕಪಾಟು ಮಾತ್ರ ಸರಿಯಲ್ಲ. ಚುಕ್ಕಾಣಿ ಹಿಡಿದವರ ಲೈಫ್ ಜಾಕೆಟ್‌ಗೆ ಸಿಕ್ಕಿಸಿ.